ಮರಳುಗಾಡಿನಲ್ಲಿ ನಮ್ಮ ಮನೆಗಾಡಿ

ದೇಶಸಂಚಾರಕ್ಕೆ ಹೊರಟವರು ಮನೆಗೆ ಬೀಗವಿಟ್ಟು ಹೊರಡುವುದು ಲೋಕರೂಢಿ. ಮನೆಯನ್ನೇ ಜತೆಯಲ್ಲಿ ಒಯ್ಯುವವರೂ ಉಂಟೆಂಬುದನ್ನು ನಾವು ಅಮೆರಿಕ ದೇಶದಲ್ಲಿ ಕಣ್ಣಾರೆ ಕಂಡೆವು. ಅಲ್ಲಿಯವರು ಆರ್.ವಿ. ಎಂದು ಕರೆಯುವ ಈ ವಾಹನವು ಹೊರಗಿನಿಂದ ನೋಡಿದರೆ ಒಂದು ದೊಡ್ಡ ಬಸ್ಸು. ಒಳಹೊಕ್ಕರೆ ಮಂಚ, ಊಟದ ಮೇಜು, ಸ್ನಾನದ ಕೋಣೆ, ಅನಿಲದ ಒಲೆ, ಪಾತ್ರೆ ತೊಳೆಯುವ ಸಿಂಕು, ಎಲ್ಲವೂ ಅಂಗುಲ ಅಂಗುಲವನ್ನು ಲೆಕ್ಕಹಾಕಿ ಜೋಡಿಸಿದ ಒಂದು ಸಂಸಾರದ ಮನೆ. ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿರುವ ನಮ್ಮ ಮಗಳೂ ಅಳಿಯಂದಿರೂ ಇಂತಹುದೊಂದನ್ನು ಹಿಂದೆ ಬೇರೊಬ್ಬರು ಬಳಸಿದ್ದುದನ್ನು ಕೊಂಡಿದ್ದರು. ನಾವು ಅದಕ್ಕೆ ಮನೆಗಾಡಿ ಎಂದು ಹೆಸರಿಟ್ಟೆವು. 2024ನೆಯ ಇಸವಿಯ ಜನವರಿಯಲ್ಲಿ ನಾವೂ ನಮ್ಮ ಪತ್ನಿಯೂ ಅವರ ಅತಿಥಿಗಳಾಗಿದ್ದಾಗ, ಸಂಕ್ರಾಂತಿಯನ್ನು ಮರಳುಗಾಡಿನಲ್ಲಿಯೇ ಆಚರಿಸೋಣವೆಂದು ಮಗಳು ಹಟ ಹಿಡಿದಳು. ನಾಲ್ವರೂ ಹೊರಟೆವು.

ಫೀನಿಕ್ಸಿನಿಂದ ಪಶ್ಚಿಮಕ್ಕೆ ಸುಮಾರು 200 ಕಿಲೋಮೀಟರು ಹೋದರೆ ಕ್ವಾರ್ಟ್ಸ್‌ಸೈಟ್ ಎಂಬ ಊರು ಸಿಕ್ಕುತ್ತದೆ. ಅಲ್ಲಿಂದ ಮುಂದೆ ಕೊಲರಾಡೊ ನದಿಗೆ ಹೆಚ್ಚು ದೂರವಿಲ್ಲ. ಆದರೂ ಊರಿನಲ್ಲಿ ನೀರಿನ ಸುಳಿವಿಲ್ಲ. ಮೂಡಣಕ್ಕೊಂದು, ಪಡುವಣಕ್ಕೊಂದು ಬೋಳು ಬೆಟ್ಟಸಾಲು. ನಡುವೆ ಕಲ್ಲುಹರಳಿನ ಬಯಲು. ಅಲ್ಲೊಂದು ಇಲ್ಲೊಂದು, ಕೈಯೆತ್ತಿ ನಿಂತ ಮನುಷ್ಯನಂತೆ ತೋರುವ ಸಗುವಾರೊ ಎಂಬ ಹೆಗ್ಗಳ್ಳಿ. ಚಳ್ಳಕೆರೆಯ ಸೀಮೆಯಲ್ಲಿ ಹುಟ್ಟಿ ಬೆಳೆದ ನಮಗೆ ಒಣನೆಲವೇನೂ ಹೊಸದಲ್ಲ. ಆದರೆ ಈ ಬಯಲಿನ ಮುಂದೆ ನಮ್ಮ ಸೀಮೆಯು ಮಲೆನಾಡೆಂದೇ ತೋರಿತು. 2020ರ ಜನಗಣತಿಯಂತೆ ಊರಿನ ಜನಸಂಖ್ಯೆ ಎರಡೂವರೆ ಸಾವಿರಕ್ಕೂ ಕಡಮೆ. ಬೇಸಗೆಯಲ್ಲಿ ಅಲ್ಲಿ ನಿಲ್ಲುವವರು ವಿರಳ. ಚಳಿಗಾಲ ಬಂದಿತೆಂದರೆ ಮಾತ್ರ, ಉತ್ತರದ ಹಿಮಪ್ರದೇಶಗಳಿಂದ ಮುದುಕರೂ ಮುದುಕಿಯರೂ ತಮ್ಮ ತಮ್ಮ ಮನೆಗಾಡಿಗಳನ್ನು ಹೊಡೆದುಕೊಂಡು ಸಾವಿರಗಟ್ಟಲೆಯಾಗಿ ಬಂದು ಇಳಿಯುತ್ತಾರೆ. ಇವರನ್ನು ಅಲ್ಲಿಯ ಜನರು ಸ್ನೋಬರ್ಡುಗಳು, ಎಂದರೆ ಹಿಮದ ಹಕ್ಕಿಗಳು, ಎನ್ನುವರು. ಊರಿನ ದಕ್ಷಿಣಕ್ಕೆ ಲಾ ಪೋಸಾ ಎಂಬ ಸರಕಾರದ ಬಯಲಿದೆ. ಅದರ ವಿಸ್ತಾರ 11 ಸಾವಿರ ಎಕರೆಗೂ ಮೇಲು. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರ ವರೆಗೆ ಶುಲ್ಕ ಕೊಟ್ಟು ಅಲ್ಲಿ ಬೀಡುಬಿಡಬಹುದು. ನಮ್ಮ ಕಡೆಯ ದನದ ಜಾತ್ರೆಯಲ್ಲಿ ಗಾಡಿಗಳು ಕೊರಳು ಬಿಚ್ಚಿ ನಿಲ್ಲುವಂತೆ ಅಲ್ಲಿ ಈ ಮನೆಗಾಡಿಗಳು ನಿಂತಿದ್ದುವು.

ಹೆದ್ದಾರಿಯನ್ನು ಬಿಟ್ಟು ಬಯಲಿಗಿಳಿದ ಮೇಲೆ ದಾರಿಯು ತೊಳೆಗಲ್ಲಿನ ಮೈಯಂತೆ ಏಣುಏಣಾಗಿತ್ತು. ಗಾಡಿಯೊಳಗೆ ಲೋಟ ತಟ್ಟೆಗಳು ಭಜನೆ ಮಾಡಿದುವು. ಅದನ್ನು ಕೇಳಿ ನಾವು ನಕ್ಕೆವು. ನಗಬೇಕಾದ ಸದ್ದು ಅದಲ್ಲವೆಂಬುದು ಎರಡು ದಿನಗಳ ಮೇಲೆ ತಿಳಿಯಿತು.

ಸಂಕ್ರಾಂತಿಯ ದಿನ ನಮ್ಮ ಪತ್ನಿ ಹುಗ್ಗಿ ಮಾಡಿದರು. ಫೀನಿಕ್ಸಿನಿಂದ ತಂದಿದ್ದ ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಬೀಜಗಳನ್ನು ಬೆರೆಸಿ ಸುತ್ತಲಿನ ಗಾಡಿಯವರಿಗೆಲ್ಲ ಹಂಚಿ, ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಬೇಕೆಂಬ ನಮ್ಮ ನಾಡಿನ ಸಂಪ್ರದಾಯವನ್ನು ಮಗಳ ಬಾಯಿಂದ ಇಂಗ್ಲಿಷಿನಲ್ಲಿ ಹೇಳಿಸಿದರು. ಸಂಜೆ ಹುಗ್ಗಿಯ ತಪ್ಪಲೆಯನ್ನು ಸಿಂಕಿನಲ್ಲಿಟ್ಟು, ತಳ ಹಿಡಿದುದು ನೆನೆಯಲೆಂದು ತುಂಬ ನೀರು ಬಿಟ್ಟರು. ಒಂದು ಗಳಿಗೆಯೂ ಆಗಿರಲಿಲ್ಲ, ಲಟಕ್ಕೆಂದು ಸದ್ದಾಯಿತು. ಸಿಂಕಿನ ಒಂದು ಪಕ್ಕವು ಕಟ್ಟೆಯಿಂದ ಕಳಚಿ ಎರಡು ಬೆರಳಗಲ ಕೆಳಕ್ಕೆ ಕುಸಿದು, ಆ ಸಂದಿನಿಂದ ನೀರು ಕೆಳಗಿನ ಕಪಾಟಿಗೆ ಧಾರೆಯಾಗಿ ಸುರಿಯಿತು. ಅಕ್ಕಿ, ಬೇಳೆ, ಹಿಟ್ಟುಗಳೆಲ್ಲ ತೊಯ್ದುಹೋದುವು. ಅಳಿಯಂದಿರು ಕಪಾಟಿನೊಳಗೆ ನುಗ್ಗಿ ಹೆಗಲು ಕೊಟ್ಟು ಸಿಂಕನ್ನು ಎತ್ತಿ ಹಿಡಿದರು. ಮಗಳು ಚೊಂಬಿನಿಂದ ನೀರನ್ನು ಮೊಗೆದು ಹಾಕಿದಳು. ಚಕ್ರ ಎತ್ತುವ ಸಣ್ಣ ಜಾಕನ್ನು ನಾವು ತಂದು ಅಡಿಗೆ ಕೊಟ್ಟ ಮೇಲೆ ಅವರು ಹೊರಕ್ಕೆ ಬಂದರು.

ತಲೆಯಿಂದ ನೀರು ತೊಟ್ಟಿಕ್ಕುತ್ತಿರಲು ಅಳಿಯಂದಿರು, "ಸಿಂಕನ್ನು ಬಾವಿಯ ಹಾಗೆ ತುಂಬಿಸಿದರೆ ಇನ್ನೇನಾಗುತ್ತದೆ, ಅತ್ತೆ!" ಎಂದುಬಿಟ್ಟರು.

ಅವರು ಸ್ವಭಾವದಿಂದ ಸೌಮ್ಯರು. ಆಯಾಸದಲ್ಲಿ ಬಂದ ಮಾತದು. ಆದರೂ ಮಾತು ಮಾತೇ. ನಮ್ಮ ಪತ್ನಿ ಏನೂ ಹೇಳದೆ ತೊಯ್ದ ಬೇಳೆಯನ್ನು ಪಂಚೆಯ ಮೇಲೆ ಹರಡಿದರು. ರಾತ್ರಿ ಊಟ ಬೇಡವೆಂದರು. ಮರುದಿನ ಮುಂಜಾನೆ ಕಾಫಿಗೆ ನೀರಿಡಲೂ ಏಳಲಿಲ್ಲ. ನಲವತ್ತು ವರ್ಷ ಅಡಿಗೆಯ ಮನೆಯನ್ನು ಆಳಿದವರು ಮಗಳ ಒಲೆಯ ಮುಂದೆ ಅನ್ಯರಂತೆ ಕುಳಿತುದನ್ನು ಕಂಡು ನಮಗೆ ಸಂಕಟವಾಯಿತು. ಆದರೆ ಆ ಹೊತ್ತಿನಲ್ಲಿ ನಾವು ಒಂದು ಮಾತಾಡಬಹುದಾಗಿತ್ತು, ಆಡಲಿಲ್ಲ. ತಪ್ಪು ಅವರದೇ ಇರಬಹುದೆಂದು ನಾವೂ ಒಳಗೊಳಗೆ ಎಣಿಸಿದ್ದೆವೆಂಬುದನ್ನು ಇಲ್ಲಿ ಮರೆಮಾಚುವುದಿಲ್ಲ.

ನಮ್ಮ ನೆರೆಯಲ್ಲಿ ಬೀಡುಬಿಟ್ಟಿದ್ದ ವೃದ್ಧರೊಬ್ಬರು ಮಿನ್ನೆಸೋಟಾ ರಾಜ್ಯದಲ್ಲಿ ಬಡಗಿಯಾಗಿದ್ದವರು. ಎಳ್ಳು ಬೆಲ್ಲದ ಬಟ್ಟಲನ್ನು ಹಿಂದಿರುಗಿಸಲು ಬಂದವರು ಸಂಗತಿಯನ್ನು ಕೇಳಿ, ದೀಪವೊಂದನ್ನು ಹಿಡಿದು ಕಪಾಟಿನೊಳಗೆ ಬೆನ್ನಮೇಲೆ ಮಲಗಿ ಬಹಳ ಹೊತ್ತು ನೋಡಿದರು. ಅವರು ತಿಳಿಸಿದ್ದರ ಸಾರ ಇದು. ಸಿಂಕುಗಳಲ್ಲಿ ಎರಡು ಬಗೆ. ಒಂದರ ಅಂಚು ಕಟ್ಟೆಯ ಮೇಲೆ ಕುಳಿತಿರುತ್ತದೆ; ಅದರ ಭಾರವನ್ನು ಕಟ್ಟೆಯೇ ಹೊರುತ್ತದೆ. ಇನ್ನೊಂದರ ಅಂಚನ್ನು ಕಟ್ಟೆಯ ಅಡಿಗೆ ಅಂಟಿಸಿರುತ್ತಾರೆ. ಮೇಲಿನ ಎಂಜಲನ್ನು ಒರಸಿ ನೇರವಾಗಿ ಒಳಕ್ಕೆ ತಳ್ಳಲು ಇದು ಅನುಕೂಲ, ನೋಟಕ್ಕೂ ಚೆಂದ. ಆದರೆ ಇದು ತೂಗಾಡುವ ಸಿಂಕು, ಕುಳಿತ ಸಿಂಕಲ್ಲ. ನಮ್ಮದು ಸುಮಾರು 30 ಲೀಟರು ಹಿಡಿಯುವ ತೊಟ್ಟಿ; ನೀರೇ 30 ಕಿಲೋ ತೂಕವಾಯಿತು. ನಿಂತ ಮನೆಯಲ್ಲಿ ಅಂಟಿನ ಜತೆಗೆ ಲೋಹದ ಹಿಡಿಗಳೋ ಅಡಿಯಾಸರೆಯೋ ಇರುತ್ತವೆ. ಓಡುವ ಮನೆಯಲ್ಲಿ ದಾರಿಯ ಕುಲುಕಾಟವೂ ಬೇಸಗೆಯಲ್ಲಿ ಮುಚ್ಚಿದ ಗಾಡಿಯ ಕಾವೂ ಸೇರಿ ಅಂಟನ್ನು ದಿನದಿನವೂ ಪರೀಕ್ಷಿಸುತ್ತವೆ. ಇಷ್ಟನ್ನು ಹೇಳಿ, ಅವರು ಹಳೆಯ ಅಂಟಿನ ಒಂದು ಪಟ್ಟಿಯನ್ನು ಕಿತ್ತು ನಮ್ಮ ಕೈಗಿತ್ತರು. ಅದು ಹಾವಿನ ಪೊರೆಯಂತೆ ಸಲೀಸಾಗಿ ಬಂದಿತ್ತು. ಅದರ ಮೇಲ್ಮೈಗೆ ಬಿಳಿಯ ಹುಡಿ ಮೆತ್ತಿಕೊಂಡಿತ್ತು.

"ಕಟ್ಟೆಯ ಹಲಗೆಯನ್ನು ಕೊಯ್ದಾಗ ಎದ್ದ ಹುಡಿ ಇದು. ಇದನ್ನು ಒರಸದೆ ಅಂಟಿಸಿದ್ದಾರೆ. ಅಂಟು ಹುಡಿಯನ್ನು ಹಿಡಿದಿತ್ತು, ಕಟ್ಟೆಯನ್ನಲ್ಲ. ಇದು ಎಂದೋ ಬೀಳಬೇಕಾಗಿತ್ತು. ತುಂಬಿದ ಸಿಂಕು ದಾರಿಯಲ್ಲಿ, ಗಾಡಿ ಓಡುವಾಗ ಕಳಚಿದ್ದರೆ ಕೊಳವೆ ಮುರಿದು ನೆಲದ ಪ್ಲೈವುಡ್ಡು ಕೊಳೆಯುವವರೆಗೂ ನಿಮಗೆ ತಿಳಿಯುತ್ತಿರಲಿಲ್ಲ. ನಿಂತಲ್ಲಿಯೇ ಬಿದ್ದುದು ಒಳ್ಳೆಯದಾಯಿತು," ಎಂದರು ಆ ವೃದ್ಧರು.

ಮಗಳು ಅದನ್ನು ತಾಯಿಗೆ ಕನ್ನಡದಲ್ಲಿ ಹೇಳಿದಳು. ಅಳಿಯಂದಿರ ಮುಖ ಬಾಡಿತು. ಬೀಳಲಿದ್ದ ಗೋಡೆಗೆ ಒರಗಿದವರ ಮೇಲೆ ಅಪವಾದ ಬಂದಂತಾಗಿತ್ತು ನಮ್ಮ ಪತ್ನಿಯ ಪಾಡು.

ಮನೆಗೆಲಸದಲ್ಲಿ ಆಸಕ್ತಿಯುಳ್ಳ ವಾಚಕರಿಗಾಗಿ ದುರಸ್ತಿಯ ಕ್ರಮವನ್ನು ಹೇಳುತ್ತೇವೆ. ಮೊದಲು ನೀರಿನ ಪಂಪನ್ನು ನಿಲ್ಲಿಸಿ, ಕೆಳಗೆ ಬಕೆಟ್ಟನ್ನಿಟ್ಟು, ಸಿಂಕಿನ ಬಾಗುಕೊಳವೆಯನ್ನು ಬಿಚ್ಚಿದೆವು. ಕೊಳಚೆಯ ತೊಟ್ಟಿಯ ವಾಸನೆ ಮೇಲೇರದಂತೆ ಕೊಳವೆಯ ಬಾಯಿಗೆ ಬಟ್ಟೆ ತುರುಕಿದೆವು. ಜಾಕನ್ನು ಮೆಲ್ಲಗೆ ಇಳಿಸಿ ಸಿಂಕನ್ನು ಹೊರತೆಗೆದೆವು. ಹಳೆಯ ಸಿಲಿಕೋನ್ ಅಂಟನ್ನು ಸಿಂಕಿನ ಅಂಚಿನಿಂದಲೂ ಕಟ್ಟೆಯ ಅಡಿಯಿಂದಲೂ ಒಂದೆಳೆಯೂ ಉಳಿಯದಂತೆ ಹೆರೆದೆವು. ಏಕೆಂದರೆ ಹೊಸ ಸಿಲಿಕೋನು ಹಳೆಯದಕ್ಕೆ ಹಿಡಿಯುವುದಿಲ್ಲ. ಆ ಮೇಲೆ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ, ಬಟ್ಟೆಗೆ ಕಪ್ಪೂ ಜಿಡ್ಡೂ ಹತ್ತದಿರುವವರೆಗೆ ಒರಸಿ ಒಣಗಿಸಿದೆವು. ಹೆರೆಯುವುದಕ್ಕೂ ಒರಸುವುದಕ್ಕೂ ಒಂದು ಹಗಲು ಪೂರ್ತಿ ಹಿಡಿಯಿತು. ಅಂಟಿಸಲು ಕಾಲುಗಂಟೆಯೂ ಹಿಡಿಯಲಿಲ್ಲ.

ಅಂಚಿನ ಸುತ್ತಲೂ ಕಡಿಯದೆ ಅಂಟನ್ನು ಎಳೆದು, ಸಿಂಕನ್ನು ಕೆಳಗಿನಿಂದ ಎತ್ತಿ ಸರಿಯಾದ ಸ್ಥಾನಕ್ಕೆ ಕೂಡಿಸಿದೆವು. ಕಟ್ಟೆಯ ಮೇಲೆ ಅಡ್ಡವಾಗಿ ಒಂದು ಬಲವಾದ ಹಲಗೆಯನ್ನಿಟ್ಟು, ನೀರು ಹೋಗುವ ತೂತಿನ ಮೂಲಕ ಉದ್ದನೆಯ ಕ್ಲ್ಯಾಂಪೊಂದನ್ನು ಇಳಿಬಿಟ್ಟು, ಸಿಂಕಿನ ತಳಕ್ಕೆ ಮರದ ತುಂಡನ್ನು ಕೊಟ್ಟು ಬಿಗಿದೆವು. ಅಂಟು ಎಲ್ಲ ಕಡೆಯೂ ಸಮವಾಗಿ ಅಂಚಿನಿಂದ ಹೊರಸೂಸಿದಾಗ ಬಿಗಿಯುವುದನ್ನು ನಿಲ್ಲಿಸಿ, ಹೊರಬಂದುದನ್ನು ಒರಸಿದೆವು. ಅಂಟೊಂದನ್ನೇ ನಂಬಬಾರದೆಂದು ವೃದ್ಧರು ಹೇಳಿದರು. ಕಟ್ಟೆಯ ಹಲಗೆ ತೆಳುವಾದುದರಿಂದ ಅದಕ್ಕೆ ಸ್ಕ್ರೂ ಹಾಕುವಂತಿರಲಿಲ್ಲ. ಆದಕಾರಣ ಕಪಾಟಿನ ಎಡಬಲ ಗೋಡೆಗಳಿಗೆ ಬೈರಿಗೆಯಿಂದ ತೂತು ಕೊರೆದು, ಎರಡು ಮರದ ರೀಪುಗಳನ್ನು ಸಿಂಕಿನ ತಳಕ್ಕೆ ತಾಗುವಂತೆ ಅಡ್ಡಲಾಗಿ ಬಿಗಿದು ಕೂರಿಸಿದರು. ಇನ್ನು ಭಾರವನ್ನು ಹೊರುವುದು ಮರ. ಅಂಟಿನ ಕೆಲಸ ನೀರನ್ನು ತಡೆಯುವುದು ಮಾತ್ರ.

ಡಬ್ಬಿಯ ಮೇಲೆ 24 ಗಂಟೆಗಳಲ್ಲಿ ಗಟ್ಟಿಯಾಗುವುದೆಂದು ಬರೆದಿತ್ತು. ಆದರೆ ಸಿಲಿಕೋನು ಗಾಳಿಯಲ್ಲಿರುವ ತೇವವನ್ನು ಹೀರಿಕೊಂಡು ಗಟ್ಟಿಯಾಗುವ ವಸ್ತು; ಮರಳುಗಾಡಿನ ಒಣಗಾಳಿಯಲ್ಲಿಯೂ ರಾತ್ರಿಯ ಚಳಿಯಲ್ಲಿಯೂ ಅದಕ್ಕೆ ಹೆಚ್ಚು ಕಾಲ ಬೇಕು. ಎರಡು ರಾತ್ರಿ ಗಾಡಿಯನ್ನು ಕದಲಿಸಬೇಡಿರೆಂದು ವೃದ್ಧರು ಅಪ್ಪಣೆ ಮಾಡಿದರು. ಮರುದಿನ ಬೇರೆ ಊರಿಗೆ ಹೊರಡಬೇಕೆಂದಿದ್ದ ನಮ್ಮ ಏರ್ಪಾಡೆಲ್ಲ ಅಲ್ಲಿಗೆ ನಿಂತಿತು.

ನಿಂತುದರಿಂದ ಆ ಊರನ್ನು ನೋಡುವ ಅವಕಾಶ ದೊರೆಯಿತು. ಊರಿನ ಸ್ಮಶಾನದಲ್ಲಿ ಕಲ್ಲಿನ ಪಿರಮಿಡ್ಡೊಂದಿದೆ. ಅದರ ನೆತ್ತಿಯ ಮೇಲೆ ಲೋಹದ ಒಂಟೆ. ಅದು ಹಾಜಿ ಅಲಿ ಎಂಬವನ ಸಮಾಧಿ. 1856ರಲ್ಲಿ ಅಮೆರಿಕದ ಸೈನ್ಯವು ಮರಳುಗಾಡಿನಲ್ಲಿ ಸಾಮಾನು ಹೊರಿಸಲೆಂದು ಒಂಟೆಗಳನ್ನು ತರಿಸಿದಾಗ, ಅವುಗಳನ್ನು ನೋಡಿಕೊಳ್ಳಲು ಬಂದವರಲ್ಲಿ ಅವನೂ ಒಬ್ಬ. ಅಲ್ಲಿಯವರ ನಾಲಗೆಗೆ ಅವನ ಹೆಸರು ಹೊರಳದೆ ಹೈ ಜಾಲಿ ಎಂದಾಯಿತು. ಒಂಟೆಗಳ ಪ್ರಯೋಗ ನಿಂತುಹೋಯಿತು. ಅವನು ಮಾತ್ರ ಆ ದೇಶದಲ್ಲಿಯೇ ಉಳಿದು 1902ರಲ್ಲಿ ತೀರಿಕೊಂಡನು. 1935ರಲ್ಲಿ ಅರಿಜೋನಾದ ಹೆದ್ದಾರಿ ಇಲಾಖೆ ಈ ಪಿರಮಿಡ್ಡನ್ನು ಕಟ್ಟಿಸಿತು. ನಮ್ಮ ಪತ್ನಿ ಅದರ ಮುಂದೆ ಬಹಳ ಹೊತ್ತು ನಿಂತಿದ್ದು, "ಎಲ್ಲಿಂದಲೋ ಬಂದವನು. ಪಾಪ, ಇವನಿಗೆ ಅಡಿಗೆ ಯಾರು ಮಾಡಿ ಹಾಕುತ್ತಿದ್ದರೋ!" ಎಂದರು. ಎರಡು ದಿನಗಳಲ್ಲಿ ಅವರು ತಾವಾಗಿ ಆಡಿದ ಮೊದಲ ಮಾತು ಅದು.

ಅಂದು ಸಂಜೆ ಅವರೇ ಎದ್ದು ಅಡಿಗೆಗೆ ನಿಂತರು. ಸಿಂಕಿಲ್ಲದೆ ಪಾತ್ರೆಗಳ ಗತಿಯೇನೆಂದು ಮಗಳು ಚಿಂತಿಸಲು, "ನಮ್ಮೂರಿನಲ್ಲಿ ಬೇಸಗೆ ಬಂದರೆ ಏನು ಮಾಡುತ್ತಿದ್ದೆವು?" ಎಂದು, ಎಂಜಲನ್ನೂ ಜಿಡ್ಡನ್ನೂ ಕಾಗದದಿಂದ ಮೊದಲೇ ಒರಸಿ ತೆಗೆದು, ಒಂದು ಬೋಗುಣಿ ನೀರಿನಲ್ಲಿ ಉಜ್ಜಿ ಇನ್ನೊಂದರಲ್ಲಿ ಜಾಲಿಸಿ, ನಾಲ್ವರ ಪಾತ್ರೆಗಳನ್ನು ಮುಗಿಸಿಬಿಟ್ಟರು. ಬಳಸಿದ ನೀರನ್ನು ಆ ಬಯಲಿನಲ್ಲಿ ಚೆಲ್ಲುವುದು ನಿಷಿದ್ಧ. ಸ್ನಾನದ ಕೋಣೆಯ ಮೋರಿಗೆ ಹೊಯ್ದು ಗಾಡಿಯ ತೊಟ್ಟಿಗೇ ಸೇರಿಸಿದೆವು. ಅಳಿಯಂದಿರು ಪಕ್ಕದಲ್ಲಿ ನಿಂತು ತಟ್ಟೆಗಳನ್ನು ಒರಸಿದರು. "ಅತ್ತೆ, ನಾನು ಮೊನ್ನೆ ಹಾಗೆ ಅನ್ನಬಾರದಾಗಿತ್ತು" ಎಂದು ತಗ್ಗಿದ ದನಿಯಲ್ಲಿ ಹೇಳಿದ್ದು ನಮಗೆ ಕೇಳಿಸಿತು. ಅವರು ಉತ್ತರ ಕೊಡದೆ, ಕೈಗೆ ಇನ್ನೊಂದು ತಟ್ಟೆ ಕೊಟ್ಟರು. ನಮ್ಮ ಪಾಲಿನ ಮಾತನ್ನು ನಾವು ಆ ರಾತ್ರಿ ಹೇಳಿಕೊಂಡೆವು. ಅದಕ್ಕೆ ಬಂದ ಉತ್ತರವನ್ನು ವಾಚಕರಿಗೆ ತಿಳಿಸಬೇಕಾದುದಿಲ್ಲ.

ಎರಡು ರಾತ್ರಿ ಕಳೆದ ಮೇಲೆ ಕ್ಲ್ಯಾಂಪನ್ನು ಬಿಚ್ಚಿ, ಕೊಳವೆಯನ್ನು ಜೋಡಿಸಿ, ಕೆಳಗೆ ಒಣ ಕಾಗದವನ್ನು ಹಾಸಿ ಸ್ವಲ್ಪ ಸ್ವಲ್ಪವಾಗಿ ನೀರು ಬಿಟ್ಟು ನೋಡಿದೆವು. ಕಾಗದದ ಮೇಲೆ ಹನಿ ಬೀಳಲಿಲ್ಲ. ನಮ್ಮ ಪತ್ನಿ ಅರ್ಧಕ್ಕೆ ನಲ್ಲಿಯನ್ನು ನಿಲ್ಲಿಸಿದರು. ಅಳಿಯಂದಿರು ಮುಂದೆ ಬಂದು ಅದನ್ನು ಪುನಃ ತಿರುಗಿಸಿ, "ತುಂಬಲಿ, ಅತ್ತೆ" ಎಂದರು.

ಈಗ ಬೆಂಗಳೂರಿನ ಮನೆಗಳಲ್ಲಿಯೂ ಗ್ರಾನೈಟಿನ ಕಟ್ಟೆಯ ಅಡಿಗೆ ಸಿಂಕನ್ನು ಅಂಟಿಸುವ ರೂಢಿ ಬಂದಿದೆ. ಮನೆಯ ಯಜಮಾನರು ವರ್ಷಕ್ಕೊಮ್ಮೆ ದೀಪ ಹಿಡಿದು ಕಪಾಟಿನೊಳಗೆ ತಲೆಯಿಟ್ಟು ನೋಡುವುದು ಮೇಲು. ಅಂಚಿನಲ್ಲಿ ಕೂದಲೆಳೆಯಷ್ಟು ಸಂದು, ಕರಿಯ ಬೂಷ್ಟು, ತೇವದ ಗೆರೆ, ಇವುಗಳಲ್ಲಿ ಯಾವುದು ಕಂಡರೂ ಅಡಿಗೆ ಆಸರೆಯಿದೆಯೇ ಎಂದು ಪರೀಕ್ಷಿಸತಕ್ಕದ್ದು. ಅಡಿಗೆಮನೆಯಲ್ಲಿ ಏನಾದರೂ ಮುರಿದಾಗ, ಅದನ್ನು ಕೊನೆಗೆ ಮುಟ್ಟಿದವರು ಯಾರೆಂದು ಕೇಳುವ ಮೊದಲು ಇಷ್ಟನ್ನು ಮಾಡುವುದು ಒಳ್ಳೆಯದು.