ಪಟ್ಟಿಗೆ ಬಾರದ 15 ಹೆಸರುಗಳು

ಪ್ರಥಮ ಪಿಯುಸಿಯಲ್ಲಿ ಸೆಟ್ಸ್ ಅಧ್ಯಾಯದ ಡಿ ಮಾರ್ಗನ್ ನಿಯಮವನ್ನು ನಾನು ಕಲಿತದ್ದು ಅಂಕಕ್ಕಾಗಿ. ಪರೀಕ್ಷೆಯಲ್ಲಿ ಬರೆದೆ, ಪೂರ್ಣ ಅಂಕ ಬಂತು, ಮರೆತೆ. ಕಂಪ್ಯೂಟರ್ ಸೈನ್ಸ್ ಅಂದರೆ ಪೈಥಾನ್ ಬರೆಯುವುದು, ಗಣಿತ ಅಂದರೆ ಅದರ ಮುಂಚಿನ ಪೀರಿಯಡ್ ಎಂದಷ್ಟೇ ತಿಳಿದಿದ್ದೆ.

ಈ ವರ್ಷ ಸ್ಕಾಲರ್‌ಶಿಪ್ ಅರ್ಜಿಯ ಸಮಯದಲ್ಲಿ ಸರ್ ನನ್ನನ್ನು ಕರೆದು, "ನೀನು ಪ್ರೋಗ್ರಾಂ ಬರೀತೀಯಲ್ಲ, ಯಾರ ದಾಖಲೆ ಅಪೂರ್ಣ ಇದೆ ಅಂತ ಒಂದು ಪಟ್ಟಿ ತೆಗೆದುಕೊಡು" ಎಂದರು. 60 ವಿದ್ಯಾರ್ಥಿಗಳ ಎಕ್ಸೆಲ್ ಶೀಟ್. ಬೇಕಾದ ದಾಖಲೆ ಎರಡು: ಆದಾಯ ಪ್ರಮಾಣಪತ್ರ ಮತ್ತು ಬ್ಯಾಂಕ್ ಪಾಸ್‌ಬುಕ್ ಪ್ರತಿ. ನಾನು ಹತ್ತು ನಿಮಿಷದಲ್ಲಿ ಪ್ರೋಗ್ರಾಂ ಬರೆದೆ. ಆದಾಯ ಪ್ರಮಾಣಪತ್ರ ಇಲ್ಲ 'ಆಂಡ್' ಪಾಸ್‌ಬುಕ್ ಇಲ್ಲ ಎಂದಾದರೆ ಹೆಸರು ತೋರಿಸು ಎಂದು. ಯಾವ ಎರರ್ ಕೂಡ ಬರಲಿಲ್ಲ. 4 ಹೆಸರು ಬಂತು. ನೋಟಿಸ್ ಬೋರ್ಡಿಗೆ ಅಂಟಿಸಿ, ಸ್ವಲ್ಪ ಜಂಬದಿಂದಲೇ ಮನೆಗೆ ಹೋದೆ.

ಕೊನೆಯ ದಿನಕ್ಕೆ ಐದು ದಿನ ಇರುವಾಗ ನನ್ನದೇ ಬೆಂಚಿನ ಗೆಳೆಯನಿಗೆ ತನ್ನ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯೆಂದು ಆಫೀಸಿನಲ್ಲಿ ಗೊತ್ತಾಯಿತು. ಶೀಟ್‌ನಲ್ಲೂ 'ಇಲ್ಲ' ಎಂದೇ ಇತ್ತು. "ಲಿಸ್ಟಲ್ಲಿ ನನ್ನ ಹೆಸರಿರಲಿಲ್ಲ, ಎಲ್ಲ ಸರಿ ಇದೆ ಅಂತ ಸುಮ್ಮನಿದ್ದೆ ಕಣೋ" ಎಂದ. ನನಗೆ ಬಾಯಿಂದ ಮಾತು ಹೊರಡಲಿಲ್ಲ.

ಗಣಿತ ಮೇಡಂ ಬಳಿಗೆ ಓಡಿದೆ. ಅವರು ಪ್ರೋಗ್ರಾಂ ನೋಡಲೇ ಇಲ್ಲ. "'ಎರಡೂ ಇವೆ' ಎಂಬುದರ ನಿರಾಕರಣೆ ಏನು?" ಎಂದು ಕೇಳಿದರು.

"ಎರಡೂ ಇಲ್ಲ, ಮೇಡಂ."

ಅವರು ಒಂದಕ್ಕೊಂದು ಸೇರುವ ಎರಡು ವೃತ್ತ ಬರೆದು ಶೀಟ್‌ನ ಲೆಕ್ಕ ತುಂಬಿಸಿದರು. ಎರಡೂ ಇರುವವರು 41, ಆದಾಯ ಪ್ರಮಾಣಪತ್ರ ಮಾತ್ರ ಇರುವವರು 8, ಪಾಸ್‌ಬುಕ್ ಮಾತ್ರ ಇರುವವರು 7, ವೃತ್ತಗಳ ಹೊರಗೆ 4. "ನಿನ್ನ ಉತ್ತರ ಹೊರಗಿನ 4 ಜನರದ್ದು. ಈ 8, ಈ 7 ಎಲ್ಲಿ ಹೋದರು? 'ಎರಡೂ ಇವೆ' ಅನ್ನೋದು ಸುಳ್ಳಾದರೆ ಅದು ಇಲ್ಲ ಅಥವಾ ಇದು ಇಲ್ಲ ಎಂದರ್ಥ. ಡಿ ಮಾರ್ಗನ್ ನಿಯಮ ಇದೇ ಅಲ್ವೇನಪ್ಪ?"

'ಆಂಡ್' ತೆಗೆದು 'ಆರ್' ಹಾಕಿದೆ. 4 ಇದ್ದ ಪಟ್ಟಿ 19 ಆಯಿತು. ನನ್ನ ಒಂದು ಪದದಿಂದ ತಪ್ಪಿಹೋದವರು 15 ಜನ.

ಆಮೇಲೆ ಮೇಡಂ ಡಿಸ್ಕ್ರೀಟ್ ಗಣಿತದ ಬಗ್ಗೆ ಹೇಳಿದರು. ಕನ್ನಡದಲ್ಲಿ ಇದಕ್ಕೆ ವಿವಿಕ್ತ ಗಣಿತ ಎನ್ನುತ್ತಾರೆ. ಬಿಡಿಬಿಡಿಯಾಗಿ ಎಣಿಸಬಹುದಾದ ವಸ್ತುಗಳ ಗಣಿತ ಇದು: ಗಣಗಳು, ತರ್ಕ, ಸಂಬಂಧಗಳು, ಕ್ರಮಯೋಜನೆ, ಗ್ರಾಫ್‌ಗಳು. ಕಂಪ್ಯೂಟರಿಗೆ ಗೊತ್ತಿರುವುದು 0 ಮತ್ತು 1 ಮಾತ್ರ, ನಡುವೆ ಏನೂ ಇಲ್ಲ. ಆದ್ದರಿಂದ ಅದರ ಅಡಿಪಾಯ ಈ ಗಣಿತವೇ. ನಮ್ಮ ಪಕ್ಕದ ಮಧುರೈಯಲ್ಲಿ 1806ರಲ್ಲಿ ಹುಟ್ಟಿದ ಡಿ ಮಾರ್ಗನ್, 1854ರಲ್ಲಿ ತರ್ಕವನ್ನು ಬೀಜಗಣಿತವಾಗಿ ಬರೆದ ಜಾರ್ಜ್ ಬೂಲ್, ಇಬ್ಬರೂ ಇಂದಿನ ಕಂಪ್ಯೂಟರ್ ಕಂಡವರಲ್ಲ. 1937ರಲ್ಲಿ 21 ವರ್ಷದ ಕ್ಲಾಡ್ ಶಾನನ್ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ, ಬೂಲ್‌ನ ಬೀಜಗಣಿತದಿಂದ ವಿದ್ಯುತ್ ಸ್ವಿಚ್‌ಗಳ ಮಂಡಲಗಳನ್ನು ವಿನ್ಯಾಸ ಮಾಡಬಹುದೆಂದು ತೋರಿಸಿದ. ನಾವು ಲ್ಯಾಬಿನಲ್ಲಿ ಓದುವ ಲಾಜಿಕ್ ಗೇಟ್‌ಗಳ ಹಿಂದೆ ಇರುವುದು ಇದೇ ವಿಚಾರ.

"ಎರಡು ದಾಖಲೆಗೆ ನಾಲ್ಕು ಸಾಧ್ಯತೆ, ಬರೆದು ನೋಡಬಹುದು. ಹತ್ತು ದಾಖಲೆ ಇದ್ದರೆ?" ಎಂದರು ಮೇಡಂ. ಎರಡನ್ನು ಹತ್ತು ಸಲ ಗುಣಿಸಿದೆ: 1024. ಒಂದೊಂದನ್ನೂ ಪರೀಕ್ಷಿಸುತ್ತ ಕೂರಲು ಆಗುವುದಿಲ್ಲ. ಅಲ್ಲಿ ಕೈ ಹಿಡಿಯುವುದು ನಿಯಮವೇ. ಕಾಗುಣಿತ ತಪ್ಪಿದರೆ ಕಂಪ್ಯೂಟರ್ ಎರರ್ ತೋರಿಸುತ್ತದೆ, ಯೋಚನೆ ತಪ್ಪಿದರೆ ಸುಮ್ಮನೆ ತಪ್ಪು ಉತ್ತರ ಕೊಡುತ್ತದೆ.

ಸರ್ ಆ 15 ಮನೆಗಳಿಗೂ ಫೋನ್ ಮಾಡಿಸಿದರು. ಗೆಳೆಯನ ಪ್ರಮಾಣಪತ್ರ ಕೊನೆಯ ದಿನ ಸಂಜೆ ಕೈ ಸೇರಿತು. ಅದಕ್ಕಾಗಿ ಗಾರೆ ಕೆಲಸ ಮಾಡುವ ಅವನ ತಂದೆ ಎರಡು ದಿನದ ಕೂಲಿ ಬಿಟ್ಟು ನಾಡಕಚೇರಿಯಲ್ಲಿ ಸಾಲು ನಿಂತಿದ್ದರು. ನಾನು ಕ್ಷಮೆ ಕೇಳಿದಾಗ ಅವರು, "ಇರಲಿ ಮಗಾ, ಆಯ್ತಲ್ಲ" ಎಂದರು. ಆ ಎರಡು ದಿನದ ಕೂಲಿಯನ್ನು ಯಾವ ಪ್ರೋಗ್ರಾಂ ಕೂಡ ಹಿಂದಕ್ಕೆ ಕೊಡುವುದಿಲ್ಲ.

ಪ್ರಥಮ ಪಿಯುಸಿಯ ತಮ್ಮ ತಂಗಿಯರೇ, ಸೆಟ್ಸ್ ಅಧ್ಯಾಯವನ್ನು ಸುಲಭ ಅಂಕವೆಂದು ದಾಟಿಹೋಗಬೇಡಿ. ಆ ವೃತ್ತಗಳೊಳಗೆ ಜನರ ಹೆಸರು ಬರೆದು ನೋಡಿ. ನಾನೀಗ ಯಾವ ಷರತ್ತು ಬರೆದರೂ ಮೊದಲು ಕಾಗದದ ಮೇಲೆ ಎರಡು ವೃತ್ತ ಬರೆಯುತ್ತೇನೆ. ಮುಂದೆ ಇನ್‌ಶಾ ಅಲ್ಲಾಹ್ ಇಂಜಿನಿಯರಿಂಗ್ ಸೇರಿದರೂ ಈ ಅಭ್ಯಾಸ ಬಿಡುವುದಿಲ್ಲ.