ಹಲಗೆಯ ಮೇಲೆ ನಾಲ್ಕು ಮಾರು

ಗುಮಾಸ್ತಿಕೆಯೆಂಬುದು ಕುಳಿತು ಮಾಡುವ ಉದ್ಯೋಗ. ಹನ್ನೆರಡು ವರುಷ ಸರಕಾರದ ಕುರ್ಚಿ ಸವೆಸಿದ ನಾವು ೩೬ನೆಯ ವಯಸ್ಸಿನಲ್ಲಿ ಗಾಲಿಯ ಹಲಗೆ ಏರಹೊರಟೆವೆಂದರೆ ಓದುಗರು ನಗುವರೆಂಬುದನ್ನು ಬಲ್ಲೆವು. ನಮ್ಮ ಮನೆಯವರು ಈಗಾಗಲೇ ನಕ್ಕು ಮುಗಿಸಿದ್ದಾರೆ. ಇನ್ನು ಸರದಿ ತಮ್ಮದು.

ಇದಕ್ಕೆಲ್ಲ ಕಾರಣ ನಮ್ಮ ಮಗಳು. ಹುಬ್ಬಳ್ಳಿಯಿಂದ ಪುಣೆಗೆ ವರ್ಗವಾಗಿ ಬಂದು ಎಂಟು ತಿಂಗಳಾಗಿತ್ತು. ಹತ್ತು ವರುಷದ ಕೂಸು. ಊರಲ್ಲಿ ಓಣಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದವಳು ಇಲ್ಲಿ ಮರಾಠಿ ಬಾರದೆ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಸಂಜೆ ಕ್ವಾರ್ಟರ್ಸಿನ ಹುಡುಗರು ಕೆಳಗೆ ಸ್ಕೇಟ್‌ಬೋರ್ಡ್ ಆಡುವಾಗ ಗ್ಯಾಲರಿಯ ಕಂಬಿ ಹಿಡಿದು ನೋಡುತ್ತ ನಿಲ್ಲುವಳು. ಅವರು ಕರೆದರೆ ಒಳಗೋಡುವಳು. ಹುಟ್ಟುಹಬ್ಬಕ್ಕೆ ಅಂಥದೊಂದನ್ನು ತಂದುಕೊಟ್ಟೆವು. ಮೊದಲ ದಿನವೇ ಬಿದ್ದು ಮೊಣಕಾಲು ತರಚಿಕೊಂಡಳು. ಹುಡುಗರು ನಕ್ಕರು. ಹಲಗೆ ಮಂಚದ ಕೆಳಗೆ ಸೇರಿತು. ಮೂರು ವಾರ ಅದನ್ನು ಮಾತಾಡಿಸಿದ್ದು ಕಸಬರಿಗೆಯೊಂದೇ.

ಒಂದು ಭಾನುವಾರ ನಾವೇ ಅದನ್ನು ಎಳೆದು ತೆಗೆದೆವು. "ಬಿದ್ದರ ಏನಾಗತದ?" ಎಂದು ಧೈರ್ಯ ಹೇಳಿದರೆ, "ಹಂಗಾರ ನೀವ ಮೊದಲ ಏರ್ರಿ ಅಪ್ಪಾ, ನೋಡೋಣು" ಎಂದಳು. ಎಷ್ಟೋ ದಿನಗಳಲ್ಲಿ ಅವಳು ನಮ್ಮೊಡನೆ ಆಡಿದ ಅತಿ ಉದ್ದದ ವಾಕ್ಯವದು. ಒಲ್ಲೆವೆನ್ನಲಾದೀತೆ?

ಏರಿದೆವು. ಹಲಗೆ ಮುಂದಕ್ಕೆ ಹೋಯಿತು, ನಾವು ಹಿಂದಕ್ಕೆ ಹೋದೆವು. ಬೀಳುವಾಗ ಬಲಗೈ ಊರಿದೆವು. ಮಣಿಕಟ್ಟು ಬದನೆಕಾಯಿಯಂತೆ ಊದಿತು. ಎಲುಬು ಮುರಿದಿರಲಿಲ್ಲವೆಂಬುದು ಪುಣ್ಯ. ಆದರೂ ನಾಲ್ಕು ದಿನ ಕಡತದ ಮೇಲೆ ಒಂದು ಟಿಪ್ಪಣಿ ಬರೆಯಲಾಗಲಿಲ್ಲ. "ತಲಿ ಕೆಟ್ಟದೇನ್ರಿ ನಿಮಗ? ಆ ಕೈ ಹೋದರ ಮನಿ ಹ್ಯಾಂಗ ನಡೀಬೇಕು?" ಎಂದು ಮನೆಯವರು ಅರಿಸಿನ ಹಚ್ಚುತ್ತ ಕೇಳಿದರು. ನಮ್ಮ ಬಿ.ಎ. ಪದವಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಮುಂದಿನ ಪಗಾರದಲ್ಲಿ ಹೆಲ್ಮೆಟ್ಟು, ಮಣಿಕಟ್ಟಿನ ಮತ್ತು ಮೊಣಕಾಲಿನ ಕವಚಗಳು ಬಂದವು. ಮೊದಲೇ ತರಬೇಕಾಗಿದ್ದವು ಅವು.

ಈ ಆಟ ಹುಟ್ಟಿದ್ದು ಅಮೆರಿಕೆಯ ಕ್ಯಾಲಿಫೋರ್ನಿಯದಲ್ಲಿ, ೧೯೫೦ರ ದಶಕದಲ್ಲಿ. ಕಡಲಲ್ಲಿ ತೆರೆಯಿಲ್ಲದ ದಿನ ತೆರೆಯಾಟದ ಹುಡುಗರು ಹಲಗೆಗೆ ಸ್ಕೇಟಿನ ಗಾಲಿ ಬಡಿದು ಬೀದಿಗಿಳಿದರಂತೆ. ಅಂದಿನ ಗಾಲಿಗಳು ಕಬ್ಬಿಣದವು, ಇಲ್ಲವೆ ಗಟ್ಟಿ ಮಣ್ಣಿನವು. ಒಂದು ಹರಳು ಅಡ್ಡ ಬಂದರೆ ಗಾಲಿ ನಿಲ್ಲುವುದು, ಸವಾರ ಮಾತ್ರ ಮುಂದೆ ಸಾಗುವನು! ೧೯೭೦ರ ದಶಕದ ಮೊದಲಲ್ಲಿ ಫ್ರಾಂಕ್ ನಾಸ್‌ವರ್ದಿ ಎಂಬಾತ ಯುರಿಥೇನಿನ ಗಾಲಿ ತಂದ ಮೇಲೆ ನೆಲ ಹಿಡಿತಕ್ಕೆ ಬಂತು. ೨೦೨೧ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಈ ಆಟಕ್ಕೆ ಮೊದಲ ಬಾರಿ ಸ್ಥಾನ ಸಿಕ್ಕಾಗ ಜಪಾನಿನ ಮೊಮಿಜಿ ನಿಶಿಯಾ ೧೩ರ ವಯಸ್ಸಿಗೇ ಚಿನ್ನ ಗೆದ್ದಳು. ಆ ವಯಸ್ಸಿನಲ್ಲಿ ನಾವು ಗಣಿತದಲ್ಲಿ ೩೫ ಗೆಲ್ಲಲು ಹೆಣಗುತ್ತಿದ್ದೆವು.

ನಮಗೆ ಗುರುವಾಗಿ ಸಿಕ್ಕವನು ಮೇಲಿನ ಮನೆಯ ಹನ್ನೆರಡರ ಹುಡುಗ. ನಮ್ಮ ಪತನವನ್ನು ಕಂಡು ಕನಿಕರಗೊಂಡವನು. ಅವನು ಬಂದವನೇ "ಕಾಕಾ, ಗುಡಘೇ ವಾಕವಾ!" ಎಂದು ಕೂಗಿದ. ನಾವು ಪಿಳಿಪಿಳಿ ನೋಡಿದೆವು. ಆಗ ಹಿಂದಿನಿಂದ ಸಣ್ಣ ದನಿ ಬಂತು: "ಮೊಣಕಾಲು ಬಗ್ಗಸ್ರಿ ಅನ್ನಲಿಕ್ಕತ್ತಾನ, ಅಪ್ಪಾ."

ಗ್ಯಾಲರಿಯಲ್ಲಿ ನಿಂತು ನಿಂತು ಕೂಸು ಇಷ್ಟು ಮರಾಠಿ ಕೂಡಿಹಾಕಿದೆಯೆಂದು ನಮಗೇನು ಗೊತ್ತು! ಅಂದಿನಿಂದ ಅವಳೇ ನಮ್ಮ ದುಭಾಷಿ. ಮೊದಲು ಉರುಳದಂತೆ ಹುಲ್ಲಿನ ಮೇಲೆ ಹಲಗೆಯಿಟ್ಟು ಬರಿದೆ ನಿಲ್ಲಬೇಕು. ಎಡಗಾಲು ಮುಂದೋ ಬಲಗಾಲು ಮುಂದೋ ಎಂಬುದನ್ನು ಕಾಲೇ ಹೇಳುತ್ತದೆ, ಎರಡೂ ಸರಿಯೇ. ಮುಂಗಾಲು ಮುಂದಿನ ಮೊಳೆಗಳ ಹತ್ತಿರ, ಭಾರವೆಲ್ಲ ಅದರ ಮೇಲೆ. ಹಿಂಗಾಲಿನಿಂದ ನೆಲವನ್ನು ಮೆಲ್ಲನೆ ಒದ್ದು ಆಮೇಲೆ ಅದನ್ನೂ ಮೇಲಿಡಬೇಕು. ನಾವು ಬಿದ್ದದ್ದು ಭಾರ ಹಿಂದೆ ಬಿಟ್ಟದ್ದರಿಂದ. ಹೆದರಿದವನು ಹಿಂದಕ್ಕೇ ವಾಲುತ್ತಾನೆ, ಹಲಗೆಗೆ ಅದೇ ಸಾಕು. ಬೀಳುವುದು ತಪ್ಪದೆಂದರೆ ಕುಕ್ಕರಿಸಿ ಭುಜದ ಮೇಲೆ ಉರುಳಬೇಕೇ ಹೊರತು ಕೈ ಚಾಚಿ ಊರಬಾರದು. ಈ ಪಾಠವನ್ನು ಮಗಳು ಎರಡು ಸಲ ಅನುವಾದಿಸಿದಳು, ನಮ್ಮ ಮಣಿಕಟ್ಟನ್ನೇ ನೋಡುತ್ತ.

ನಾವು ಎರಡನೆಯ ಸಲ ಬಿದ್ದಾಗ ಹುಡುಗರೊಡನೆ ಅವಳೂ ನಕ್ಕಳು. ಮೂರನೆಯ ಸಲ ಕೈ ಕೊಟ್ಟು ಎಬ್ಬಿಸಿ, "ಸರೀರಿ, ನಾ ತೋರಸ್ತೀನಿ" ಎಂದು ತಾನೇ ಏರಿದಳು.

ಎರಡು ತಿಂಗಳಾಯಿತು. ನಾವು ಬೀಳದೆ ನಾಲ್ಕು ಮಾರು ಸಾಗುತ್ತೇವೆ. ತಿರುಗುವ ವಿದ್ಯೆ ಇನ್ನೂ ಒಲಿದಿಲ್ಲ, ಗೋಡೆ ಬಂದಾಗ ಇಳಿದುಬಿಡುತ್ತೇವೆ. ಮಗಳು ಅಂಗಳದ ಆ ಕೊನೆಯಲ್ಲಿ ಸರದಿಗಾಗಿ ಮರಾಠಿಯಲ್ಲಿ ಜಗಳವಾಡುತ್ತಿರುತ್ತಾಳೆ. ಊಟಕ್ಕೆ ಕರೆದರೆ "ಥಾಂಬಾ!" ಎಂದು ನಮಗೇ ಗದರುತ್ತಾಳೆ. ಹಲಗೆ ಈಗ ನಮ್ಮ ಕೈಗೆ ಸಿಗುವುದು ಬೆಳಗಿನ ಆರಕ್ಕೆ, ಅವಳು ಏಳುವ ಮುಂಚೆ.