ತೊಂಬತ್ತು ದಿನದ ಕೂಲಿ

ಜನವರಿ 9, 2025, ಗುರುವಾರ

ಟಿಬೆಟನ್ ನಿರಾಶ್ರಿತರ ಕಾಲೊನಿಯ ಹೊಲಿಗೆ ಅಂಗಡಿಯಿಂದ ಕೆಲಸ ಮುಗಿಸಿ ಮನೆಗೆ ಬಂದರೆ ಅತ್ತೆ ಇನ್ನೂ ಒಲೆ ಹಚ್ಚಿರಲಿಲ್ಲ. ಪಂಚಾಯ್ತಿಯಿಂದ ನೋಟಿಸು ಬಂದಿದೆ. ಪ್ರಧಾನಮಂತ್ರಿ ಆವಾಸ್ ಮನೆಗೆ 28,440 ರೂಪಾಯಿ ಹೆಚ್ಚುವರಿ ಪಾವತಿಯಾಗಿದೆಯಂತೆ, ಹದಿನೈದು ದಿನದೊಳಗೆ ಕಟ್ಟದಿದ್ದರೆ ವಸೂಲಿ ಮಾಡುತ್ತಾರಂತೆ. ಯಾವ ಕಂತಿನಲ್ಲಿ, ಯಾವ ತಾರೀಖಿಗೆ ಹೆಚ್ಚಾಯಿತು ಎಂದು ಒಂದಕ್ಷರವಿಲ್ಲ. "ಯಾರ ದುಡ್ಡೂ ತಿಂದಿಲ್ಲವಲ್ಲ ನಾವು" ಎಂದು ಅತ್ತೆ ಹೇಳಿದ್ದನ್ನೇ ಹೇಳುತ್ತಿದ್ದರು. ಸಾಲ ಮಾಡಿ ಕಟ್ಟಿಬಿಡೋಣ ಅಂದರು. ನಾನು ಒಪ್ಪಲಿಲ್ಲ.

ಜನವರಿ 11, ಶನಿವಾರ

ರಾತ್ರಿ ಪಾಸ್‌ಬುಕ್ಕು, ಉದ್ಯೋಗ ಖಾತ್ರಿಯ ಜಾಬ್ ಕಾರ್ಡು ಎರಡನ್ನೂ ಹರಡಿಕೊಂಡು ಕೂತೆ. ಪಾಯ, ಗೋಡೆ, ಚಾವಣಿ, ಮನೆ ಮುಗಿದದ್ದು ಎಂದು ನಾಲ್ಕು ಕಂತು ಬಂದಿವೆ. ಕೂಡಿದರೆ ಸರಿಯಾಗಿ 1,20,000. ಒಂದು ರೂಪಾಯಿ ಜಾಸ್ತಿಯಿಲ್ಲ. ಹಾಗಾದರೆ ಈ 28,440 ಎಲ್ಲಿಂದ ಬಂತು?

90ರಿಂದ ಭಾಗಿಸಿ ನೋಡಿದೆ. 316 ಬಂತು. 2023-24ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 316 ರೂಪಾಯಿಯೇ ಇತ್ತು! ಆವಾಸ್ ಮನೆ ಕಟ್ಟುವವರಿಗೆ ಸಹಾಯಧನದ ಮೇಲೆ ತಮ್ಮದೇ ಮನೆಯ ಕೆಲಸಕ್ಕೆ 90 ಮಾನವ ದಿನಗಳ ಕೂಲಿ ಸಿಗಬೇಕೆಂದು ಯೋಜನೆಯ ನಿಯಮದಲ್ಲೇ ಇದೆ. ಆ ಕೂಲಿಯನ್ನು ಸಹಾಯಧನಕ್ಕೆ ಕೂಡಿಸಿ ಹೆಚ್ಚುವರಿ ಎಂದು ಬರೆದಿದ್ದಾರೆ.

ಸಿಟ್ಟಿನಲ್ಲಿ ನಿದ್ದೆ ಬರಲಿಲ್ಲ. ಪಾಯಕ್ಕೆ ಕಲ್ಲು ಹೊತ್ತವರು ಅತ್ತೆ, ಬೇಸಿಗೆಯಲ್ಲಿ ಗೋಡೆಗೆ ನೀರುಣಿಸಿದವರು ಅತ್ತೆ. ಆ ದಿನಗಳಲ್ಲಿ ಕಾಲೊನಿಯ ಗೋವಿನಜೋಳದ ಹೊಲಕ್ಕೆ ಕರೆದರೂ ಹೋಗಲಿಲ್ಲ. ದುಡಿದು ಪಡೆದ ಕೂಲಿಯನ್ನು ವಾಪಸು ಕೇಳುವ ಅಧಿಕಾರ ಯಾರಿಗೂ ಇಲ್ಲ.

ಜನವರಿ 13, ಸೋಮವಾರ

ಪಂಚಾಯ್ತಿಗೆ ಹೋಗಿ ಲೆಕ್ಕ ತೋರಿಸಿದೆ. "ಕಂಪ್ಯೂಟರಿನಲ್ಲಿ ಹಾಗೇ ಬಂದಿದೆ, ಮೊದಲು ಕಟ್ಟಿ, ಆಮೇಲೆ ನೋಡೋಣ" ಎಂಬ ಉತ್ತರ. ತಕರಾರು ಅರ್ಜಿ ತೆಗೆದುಕೊಳ್ಳಲಿಲ್ಲ.

ಜನವರಿ 16, ಗುರುವಾರ

ಅಂಗಡಿಯ ಯಜಮಾನರಿಗೆ ಹೇಳಿದೆ. 1966ರಲ್ಲಿ ಈ ಕಾಡಿನಲ್ಲಿ ಕಾಲೊನಿ ಶುರುವಾದಾಗ ಅವರು ಚಿಕ್ಕ ಹುಡುಗ. ಇಲ್ಲೇ ಮುದುಕರಾದರೂ ವಿದೇಶಿಯರ ನೋಂದಣಿ ಪತ್ರವನ್ನು ಇಂದಿಗೂ ನವೀಕರಿಸುತ್ತಲೇ ಇರಬೇಕು. ಕಾಗದದ ಬೆಲೆ ಅವರಷ್ಟು ಬಲ್ಲವರನ್ನು ನಾನು ಕಂಡಿಲ್ಲ. ಬಾಯಿಮಾತು ಬೇಡ, ಎರಡು ಪ್ರತಿ ಬರೆ, ಒಂದಕ್ಕೆ ಸೀಲು ಹಾಕಿಸಿಕೋ, ತೆಗೆದುಕೊಳ್ಳದಿದ್ದರೆ ರಿಜಿಸ್ಟರ್ ಪೋಸ್ಟ್ ಮಾಡು ಅಂದರು.

ಹಾಗೇ ಮಾಡಿದೆ. ತಕರಾರು ಪಂಚಾಯ್ತಿಗೆ, ಅದರ ಪ್ರತಿ ತಾಲ್ಲೂಕು ಪಂಚಾಯ್ತಿಯ ಕಾರ್ಯನಿರ್ವಾಹಕ ಅಧಿಕಾರಿಗೆ. ಜೊತೆಗೆ ಮಾಹಿತಿ ಹಕ್ಕಿನ ಅರ್ಜಿ. ನಮ್ಮ ರಾಜ್ಯದ ನಿಯಮದಂತೆ ಅದು 150 ಪದ ದಾಟಬಾರದು, ಒಂದೇ ವಿಷಯ ಇರಬೇಕು. ಬಿಪಿಎಲ್ ಕಾರ್ಡಿನ ನಕಲು ಲಗತ್ತಿಸಿದ್ದರಿಂದ ಹತ್ತು ರೂಪಾಯಿ ಶುಲ್ಕವೂ ಇಲ್ಲ. ಹೆಚ್ಚುವರಿ ಎಂದ ಹಣ ಯಾವ ತಾರೀಖು, ಯಾವ ಬಾಬತ್ತಿನಲ್ಲಿ ಪಾವತಿಯಾಯಿತು ಎಂದಷ್ಟೇ ಕೇಳಿದೆ. 30 ದಿನದೊಳಗೆ ಉತ್ತರ ಕೊಡಲೇಬೇಕು.

ಫೆಬ್ರವರಿ 13, ಗುರುವಾರ

ಉತ್ತರ ಬಂತು. ನಾಲ್ಕು ಕಂತು 1,20,000. ಅದರ ಕೆಳಗೆ ಕೂಲಿಯ ಹಾಜರಿ ಪಟ್ಟಿಯ (ಎನ್‌ಎಂಆರ್) ಸಂಖ್ಯೆಗಳು, ಎದುರಿಗೆ 'ಉದ್ಯೋಗ ಖಾತ್ರಿ ಕೂಲಿ, 28,440'. ನಾವು ಹೇಳಿದ್ದನ್ನೇ ಅವರ ಕಾಗದವೂ ಹೇಳುತ್ತಿದೆ.

ಫೆಬ್ರವರಿ 17, ಸೋಮವಾರ

ಉತ್ತರದ ಕಾಗದ ಹಿಡಿದು ಪಂಚಾಯ್ತಿಗೆ ಹೋದೆವು. "ಆಯ್ತು ಬಿಡಿ, ಕಟ್ಟಬೇಡಿ" ಅಂದರು. ಅತ್ತೆ ಎದ್ದು ಹೊರಟೇಬಿಟ್ಟಿದ್ದರು. ನಾನು ಕೂತೇ ಇದ್ದೆ. ಇಂದಿನ ಅಧಿಕಾರಿ ನಾಳೆ ವರ್ಗವಾಗಿ ಹೋಗುತ್ತಾರೆ, ನೋಟಿಸು ಕಡತದಲ್ಲಿ ಉಳಿಯುತ್ತದೆ. ಲಿಖಿತವಾಗಿ ಕೇಳಿದ್ದೆವು, ರದ್ದಾದದ್ದೂ ಲಿಖಿತವಾಗಿಯೇ ಬೇಕು ಎಂದು ಮತ್ತೊಂದು ಅರ್ಜಿ ಕೊಟ್ಟು, ಸೀಲು ಹಾಕಿಸಿಕೊಂಡೇ ಎದ್ದೆ.

ಫೆಬ್ರವರಿ 27, ಗುರುವಾರ

ನಾಳೆ ಲೋಸಾರ್, ಟಿಬೆಟನ್ನರ ಹೊಸ ವರ್ಷ. ಅವರ ಹಬ್ಬದ ನಿಲುವಂಗಿಗಳಾದ ಚುಬಾಗಳನ್ನು ಹೊಲಿದು ಮುಗಿಸುವಷ್ಟರಲ್ಲಿ ಕತ್ತಲಾಗಿತ್ತು. ನೋಟಿಸು ಹಿಂಪಡೆದ ಪತ್ರ ಮನೆಗೆ ಬಂದಿದೆ, ಸಹಿ, ಸೀಲು, ತಾರೀಖು ಎಲ್ಲ ಇದೆ.

ಸುದ್ದಿ ಕೇಳಿ ಹಿಂದಿನ ಕೇರಿಯ ಹೆಂಗಸೊಬ್ಬರು ಬಂದರು. ಅವರಿಗೂ ಇಂಥದೇ ನೋಟಿಸು ಬಂದಿತ್ತಂತೆ. ಹೆದರಿ, ಎಮ್ಮೆ ಮಾರಿ ಅಷ್ಟೂ ಹಣ ಕಟ್ಟಿದ್ದಾರೆ. ರಶೀದಿ ಇಟ್ಟುಕೊಂಡಿದ್ದಾರೆ, ಅದೇ ಪುಣ್ಯ. ಆ ಹಣ ಅವರಿಗೆ ಮರಳಿ ಬರಲೇಬೇಕು. ಸೋಮವಾರ ಅವರ ಅರ್ಜಿ ಕೊಡುತ್ತೇವೆ.